ಗೊತ್ತಿದ್ದರೆ ಸಾಲದು, ಮಾಡಲು ಬರಬೇಕು

'ಆರೋಗ್ಯವೇ ಭಾಗ್ಯ' ಎಂಬ ಪ್ರಬಂಧ ಬರೆಯದೆ ಕನ್ನಡ ಶಾಲೆ ದಾಟಿ ಬಂದವರು ಕಡಿಮೆ. ಊಟಕ್ಕೆ ಮೊದಲು ಕೈ ತೊಳೆಯಬೇಕು, ನೀರು ಕಾಯಿಸಿ ಆರಿಸಿ ಕುಡಿಯಬೇಕು, ಸೊಪ್ಪು ತರಕಾರಿ ತಿನ್ನಬೇಕು, ತಂಬಾಕು ಮುಟ್ಟಬಾರದು. ಬರೆದದ್ದಕ್ಕೆ ಅಂಕವೂ ಬರುತ್ತದೆ. ಹಾಗೆ ಬರೆದ ಹುಡುಗನೇ ಮುಂದೆ ಅಪ್ಪನಾಗಿ, ಮಗುವಿಗೆ ಭೇದಿ ಹತ್ತಿಕೊಂಡಾಗ ನೀರು ಕುಡಿಸಲು ಹೆದರುತ್ತಾನೆ. ಹಾಗೆ ಬರೆದ ಹುಡುಗಿಯೇ ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳಿದರೆ ಮಾತ್ರೆ ಪಕ್ಕಕ್ಕಿಟ್ಟು ಬೀಟ್‌ರೂಟ್ ತುರಿಯುತ್ತಾಳೆ. ತಪ್ಪು ಅವರಿಬ್ಬರದಲ್ಲ. ಆರೋಗ್ಯವನ್ನು ಕಲಿಸುವುದು ಹೇಗೆ ಎಂಬ ಬಗ್ಗೆಯೇ ನಮ್ಮ ಮನೆ, ಶಾಲೆ, ಇಲಾಖೆಗಳಲ್ಲಿ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ.

"ತಿಳಿಸಿ ಹೇಳಿದರೆ ಸಾಕು, ಜನ ತಾವಾಗಿಯೇ ಬದಲಾಗುತ್ತಾರೆ"

ಎಲ್ಲಕ್ಕಿಂತ ಆಳಕ್ಕಿಳಿದಿರುವ ನಂಬಿಕೆ ಇದು. ಭಾಷಣ, ಭಿತ್ತಿಪತ್ರ, ಜಾಥಾ ಎಲ್ಲವೂ ಇದರ ಮೇಲೆಯೇ ನಿಂತಿವೆ. ಇದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ನೋಡಲು ಉಪ್ಪು-ಸಕ್ಕರೆ ನೀರಿನ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಅವರು ಅಡಿಗೆ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿ, ರೋಗಿಯ ಪಕ್ಕದಲ್ಲಿದ್ದ ತಾಯಿ, ಅಕ್ಕ, ಅಜ್ಜಿಯರಿಂದಲೇ ಲೋಟ ಲೋಟವಾಗಿ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಕರುಳಿನ ಗೋಡೆ ಉಪ್ಪಿನಂಶವನ್ನೂ ಗ್ಲೂಕೋಸನ್ನೂ ಜೊತೆಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿ ಎಷ್ಟೇ ಜೋರಾಗಿದ್ದರೂ ಈ ದಾರಿ ಮುಚ್ಚುವುದಿಲ್ಲ. 'ನೀರು ಕೊಟ್ಟರೆ ಭೇದಿ ಇನ್ನೂ ಹೆಚ್ಚುತ್ತದೆ' ಎಂಬ ನಮ್ಮ ಹಳೆಯ ಭಯ ಎಷ್ಟು ಅಪಾಯಕಾರಿ ಎಂಬುದು ಇಲ್ಲಿ ಗೊತ್ತಾಗುತ್ತದೆ. ಮಗುವನ್ನು ಕೊಲ್ಲುವುದು ಬಹುಪಾಲು ಮೈಯ ನೀರು ಬತ್ತುವುದೇ.

ಮದ್ದು ಸಿಕ್ಕಿತು, ಅಡಿಗೆಮನೆಯಲ್ಲೇ ಇತ್ತು. ಇನ್ನು ಜನರಿಗೆ ಹೇಳುವುದೊಂದೇ ಬಾಕಿ ಎಂದುಕೊಂಡರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ ಮನೆಮನೆಗೆ ಮಹಿಳಾ ಕಾರ್ಯಕರ್ತೆಯರನ್ನು ಕಳಿಸಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಾರ್ಯಕರ್ತೆ ಮಾಡಿ ತೋರಿಸಿ ಹೋಗುವಂತಿರಲಿಲ್ಲ, ಎದುರು ಕೂತ ತಾಯಿಯೇ ಬೆರೆಸಬೇಕಿತ್ತು. ಆಮೇಲೆ ಬೇರೆಯವರು ಬಂದು ತಾಯಿಗೆ ಎಷ್ಟು ನೆನಪಿದೆ ಎಂದು ವಿಚಾರಿಸುತ್ತಿದ್ದರು, ಅದಕ್ಕೆ ತಕ್ಕಂತೆ ಕಾರ್ಯಕರ್ತೆಗೆ ಸಂಬಳ. ಪಾಠ ಚೆನ್ನಾಗಿ ತಲೆಗೆ ಹೋಯಿತು. ಆದರೆ ಭೇದಿ ಬಂದಾಗ ಈ ನೀರನ್ನು ಬಳಸಿದವರು ಮೊದಮೊದಲು ತೀರ ಕಡಿಮೆ.

ಏಕೆ ಎಂದು ಹುಡುಕಿದಾಗ ಸಿಕ್ಕ ಉತ್ತರ ನಮ್ಮ ಪ್ರತಿ ಶಿಕ್ಷಕರ ತರಬೇತಿಯಲ್ಲೂ ಹೇಳಬೇಕಾದದ್ದು. ಕಲಿಸುವ ಕಾರ್ಯಕರ್ತೆಯರಲ್ಲೇ ಹಲವರಿಗೆ ಉಪ್ಪು-ಬೆಲ್ಲದ ನೀರಿನ ಮೇಲೆ ನಂಬಿಕೆ ಇರಲಿಲ್ಲ, ತಮ್ಮ ಮನೆಯಲ್ಲಿ ಭೇದಿಯಾದರೆ ಅವರೂ ಅಂಗಡಿಯ ಮಾತ್ರೆಗೇ ಓಡುತ್ತಿದ್ದರು. ಗಂಡಸರಿಗಂತೂ ಯಾರೂ ಹೇಳಿರಲೇ ಇಲ್ಲ. ಮನೆಯ ತೀರ್ಮಾನ ಅವರದ್ದಾಗಿರುವಾಗ ತಾಯಿಗೊಬ್ಬಳಿಗೆ ಕಲಿಸಿ ಏನಾಗಬೇಕು? ಬ್ರ್ಯಾಕ್ ತನ್ನ ಕ್ರಮ ಬದಲಿಸಿತು. ಆ ನೀರು ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಕಾರ್ಯಕರ್ತೆಯರಿಗೆ ಬಿಡಿಸಿ ಹೇಳಿತು, ಅವರೇ ಬಳಸಿ ನೋಡುವಂತೆ ಮಾಡಿತು. ಸಂತೆ, ಮಸೀದಿ, ಶಾಲೆಗಳಲ್ಲಿ ಗಂಡಸರನ್ನು ಕೂರಿಸಿ ಮಾತಾಡಿತು. 1990ರ ಹೊತ್ತಿಗೆ ಸುಮಾರು 1.2 ಕೋಟಿ ಮನೆಗಳನ್ನು ಮುಟ್ಟಿತ್ತು.

ನಮ್ಮ ಶಾಲೆಗಳಲ್ಲಿ ಇದನ್ನು ಮಾಡುವುದಕ್ಕೆ ಖರ್ಚೇ ಇಲ್ಲ. ಏಳನೆಯ ತರಗತಿಯ ಮಕ್ಕಳ ಕೈಗೆ ಓಆರ್‌ಎಸ್ ಪೊಟ್ಟಣ (ಇದೇ ಉಪ್ಪು-ಗ್ಲೂಕೋಸಿನ ಸಿದ್ಧ ಪುಡಿ), ನೀರಿನ ಬಾಟಲಿ ಕೊಟ್ಟು ಒಂದು ಲೀಟರು ಅಳೆಯಲು ಹೇಳಿದರೆ ಸಾಕು. ಪೂರ್ತಿ ಪೊಟ್ಟಣವನ್ನು ಪೂರ್ತಿ ಲೀಟರಿಗೇ ಹಾಕಬೇಕು, ಒಂದು ಲೋಟಕ್ಕೆ ಅರ್ಧ ಪೊಟ್ಟಣ ಸುರಿದರೆ ಉಪ್ಪಿನಂಶ ಮಿತಿಮೀರುತ್ತದೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಎದೆಹಾಲು, ಗಂಜಿ ನಿಲ್ಲಿಸಬಾರದು, 14 ದಿನ ಜಿಂಕ್ ಕೊಡಬೇಕು. ಜೊತೆಗೆ ಅಂಗಡಿಯ ಪ್ಯಾಕೆಟ್ಟಿನ ಮೇಲಿನ ಸಣ್ಣ ಅಕ್ಷರ ಓದಲೂ ಅಲ್ಲೇ ಕಲಿಸಬಹುದು. ಸಕ್ಕರೆ ತುಂಬಿದ ಹಣ್ಣಿನ ಪಾನೀಯಗಳು ಹೆಸರಿನಲ್ಲಿ 'ಓಆರ್‌ಎಸ್' ಎಂದು ಹಾಕಿಕೊಂಡು ವರ್ಷಗಟ್ಟಲೆ ಮಾರಾಟವಾದವು. ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ತಡೆದದ್ದು 2025ರ ಅಕ್ಟೋಬರಿನಲ್ಲಿ.

"ಹೆದರಿಸಿದರೆ ಮಕ್ಕಳು ದುಶ್ಚಟಕ್ಕೆ ಬೀಳುವುದಿಲ್ಲ"

ಬಾಯಿ ಕ್ಯಾನ್ಸರಿನ ಚಿತ್ರ ತೋರಿಸುವುದು, ಪೊಲೀಸರನ್ನು ಕರೆಸಿ ಎಚ್ಚರಿಕೆ ಕೊಡಿಸುವುದು. ಕರ್ನಾಟಕದಲ್ಲಿ ವಯಸ್ಕರ ಪೈಕಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಾರೆಂದು 2016-17ರ ರಾಷ್ಟ್ರೀಯ ಸಮೀಕ್ಷೆ ಕಂಡಿತು. ಹಾಗಿರುವಾಗ ಭಯ ಹುಟ್ಟಿಸುವ ಆತುರ ಅರ್ಥವಾಗುವಂಥದ್ದೇ. ಅಮೆರಿಕದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದಾರೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ 'ಡೇರ್' ಕಾರ್ಯಕ್ರಮದಲ್ಲಿ ಪೊಲೀಸರೇ ತರಗತಿಗೆ ಬಂದು ಮಾದಕ ವಸ್ತುಗಳ ಅಪಾಯ ಹೇಳುತ್ತಿದ್ದರು. ದೇಶವೆಲ್ಲ ಹಬ್ಬಿತು, ತಂದೆತಾಯಂದಿರಿಗೂ ಮೆಚ್ಚುಗೆಯಾಯಿತು. ಅಧ್ಯಯನಗಳು ಮಾತ್ರ ಒಂದರ ಮೇಲೊಂದರಂತೆ ಹೇಳಿದ್ದು ಒಂದೇ: ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಚಟದ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ. ಕೊನೆಗೆ ಆ ಸಂಸ್ಥೆಯೇ ಪಾಠಕ್ರಮವನ್ನು ಬದಲಿಸಬೇಕಾಯಿತು.

ಹದಿನಾಲ್ಕರ ಹುಡುಗನಿಗೆ ಗುಟ್ಕಾದಿಂದ ಕ್ಯಾನ್ಸರ್ ಬರುತ್ತದೆಂದು ಗೊತ್ತಿಲ್ಲವೆಂದಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜೊತೆಗಾರರು ಪಾಕೀಟು ಹರಿದು "ತಗೋ ಮಗಾ, ಏನಾಗಲ್ಲ" ಎಂದಾಗ, ಅವರ ಸ್ನೇಹವನ್ನೂ ಕಳೆದುಕೊಳ್ಳದೆ ಬೇಡವೆನ್ನುವುದು ಹೇಗೆಂದು ಅವನಿಗೆ ಯಾರೂ ಅಭ್ಯಾಸ ಮಾಡಿಸಿಲ್ಲ. ಜೀವನ ಕೌಶಲ ಶಿಕ್ಷಣ ಮಾಡಿಸುವುದು ಇದನ್ನೇ. ಪರಿಸ್ಥಿತಿಯನ್ನು ಆಡಿ ತೋರಿಸುವುದು, ಬೇರೆ ಬೇರೆ ಉತ್ತರ ಹುಡುಕುವುದು, ಸೋತರೆ ಮತ್ತೆ ಆಡುವುದು. ಬೆಂಗಳೂರಿನ ನಿಮ್ಹಾನ್ಸ್ ಇಂಥ ಮಾದರಿಯೊಂದನ್ನು ರೂಪಿಸಿ, ಹೊರಗಿನ ತಜ್ಞರಿಂದಲ್ಲದೆ ಪ್ರೌಢಶಾಲೆಯ ಶಿಕ್ಷಕರಿಂದಲೇ ನಡೆಸಿತು. 2010ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಲ್ಲಿ ಮಕ್ಕಳ ಆತ್ಮಗೌರವ, ಕಷ್ಟ ಎದುರಿಸುವ ಬಗೆ, ಶಿಕ್ಷಕರೊಂದಿಗಿನ ಹೊಂದಾಣಿಕೆ ಸುಧಾರಿಸಿದ್ದವು. ಮನೆಯವರೊಂದಿಗೆ, ಓರಗೆಯವರೊಂದಿಗೆ ಹೊಂದಿಕೊಳ್ಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಹೇಳಲೇಬೇಕು, ಶಾಲೆಯೊಂದರಿಂದಲೇ ಎಲ್ಲವೂ ಆಗುತ್ತದೆಂಬ ಭ್ರಮೆ ಬೇಡ.

"ಬೀಟ್‌ರೂಟ್, ದಾಳಿಂಬೆ ತಿಂದರೆ ರಕ್ತ ಬರುತ್ತದೆ"

ಕೆಂಪಗಿರುವುದೆಲ್ಲ ರಕ್ತವಾಗುವುದಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣದ ಅಂಶ 1 ಮಿಲಿಗ್ರಾಂ ಕೂಡ ಇರುವುದಿಲ್ಲ, ದಾಳಿಂಬೆಯಲ್ಲಿ ಇನ್ನೂ ಕಡಿಮೆ. 13ರಿಂದ 15ರ ವಯಸ್ಸಿನ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಬೀಟ್‌ರೂಟಿನಿಂದಲೇ ತುಂಬಿಸಿಕೊಳ್ಳುವುದಾದರೆ ದಿನಕ್ಕೆ ಮೂರು ಕಿಲೋ ಮೀರುತ್ತದೆ! ತರಕಾರಿಯಾಗಿ ಅದು ಒಳ್ಳೆಯದೇ, ತಿನ್ನಲಿ, ಔಷಧಿ ಎಂದುಕೊಳ್ಳುವುದು ಬೇಡ. ನಮ್ಮ ರಾಗಿಯ ನಿಜವಾದ ದೊಡ್ಡಸ್ತಿಕೆಯೂ ಕ್ಯಾಲ್ಸಿಯಂನಲ್ಲಿದೆ, 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮೇಲೆ. ಕಬ್ಬಿಣಕ್ಕೆ ಹುರುಳಿ, ಕಾಳುಗಳು, ಹಸಿರು ಸೊಪ್ಪು, ತಿನ್ನುವವರಿಗೆ ಮಾಂಸ. ತಟ್ಟೆಗೆ ಬಡಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ಆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ, ಊಟದ ಹಿಂದೆಯೇ ಕಾಫಿ ಟೀ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ಊಟವೊಂದರಿಂದಲೇ ಈ ಕೊರತೆ ಬೇಗ ತುಂಬುವುದು ಕಷ್ಟ. ಅದಕ್ಕೇ ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆಯೂ ಇದರ ಜೊತೆಗಿರುತ್ತದೆ. 'ಇದು ತಿಂದರೆ ಮುಂದೆ ಮಕ್ಕಳಾಗುವುದಿಲ್ಲ' ಎಂಬ ಗಾಳಿಮಾತು ಹಬ್ಬಿದ ಕಡೆ ಮಾತ್ರೆ ಬಾಯಿಗೆ ಹೋದಂತೆ ಮಾಡಿ ಕಿಟಕಿಯಾಚೆ ಬೀಳುತ್ತದೆ. ಆ ಮಾತಿಗೆ ಯಾವ ಆಧಾರವೂ ಇಲ್ಲ. ರಕ್ತಹೀನತೆ ಉಳಿದರೇನೇ ಮುಂದೆ ಬಸಿರು-ಬಾಣಂತನಕ್ಕೆ ಅಪಾಯ. ಮಲ ಕಪ್ಪಗಾದರೆ ಗಾಬರಿ ಬೇಡ, ಮೈಗೆ ಹತ್ತದೆ ಉಳಿದ ಕಬ್ಬಿಣದ ಬಣ್ಣ ಅದು. ಹೊಟ್ಟೆ ತೊಳಸುವುದು ಬಹುತೇಕ ಖಾಲಿ ಹೊಟ್ಟೆಯಲ್ಲಿ ನುಂಗಿದಾಗ, ಬಿಸಿಯೂಟದ ನಂತರ ಕೊಟ್ಟರೆ ಕಡಿಮೆ. ಇದನ್ನು ಮೊದಲೇ ಹೇಳದೆ ಮಾತ್ರೆ ಹಂಚಿದರೆ, ಒಬ್ಬಳು ವಾಂತಿ ಮಾಡಿಕೊಂಡ ಸುದ್ದಿ ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ. ಮಕ್ಕಳೆದುರಿಗೆ ಟೀಚರೂ ಒಂದು ಮಾತ್ರೆ ನುಂಗಲಿ ಎಂದು ಮಾರ್ಗಸೂಚಿಯೇ ಹೇಳುತ್ತದೆ. ಹಾಗೆ ಮಾಡುವ ಟೀಚರು ಅರ್ಧ ಗಂಟೆಯ ಭಾಷಣಕ್ಕಿಂತ ಹೆಚ್ಚು ಕಲಿಸುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ಮೈಯ ವಿಷಯ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ"

ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2005ರಲ್ಲಿ ತಂದಿತು. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು, ಸಂಸ್ಕೃತಿಗೆ ಒಗ್ಗುವುದಿಲ್ಲವೆಂದು. ಆದರೆ ಜಗತ್ತಿನ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಯುನೆಸ್ಕೋ 2018ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದು ಇದಕ್ಕೆ ವಿರುದ್ಧ. ಇಂಥ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ, ಎಷ್ಟೋ ಕಡೆ ಅದು ಶುರುವಾಗುವ ವಯಸ್ಸು ಮುಂದಕ್ಕೆ ಹೋಗಿದೆ.

ನಾವು ಹೇಳದಿದ್ದರೆ ಮಕ್ಕಳು ತಿಳಿಯುವುದಿಲ್ಲವೆಂದಲ್ಲ, ತಪ್ಪಾಗಿ ತಿಳಿಯುತ್ತಾರೆ. ಹುಡುಗಿ ಮೊದಲ ಸಲ ಮುಟ್ಟಾದಾಗ ಏನೋ ರೋಗವೆಂದು ನಡುಗುತ್ತಾಳೆ. ಹೋಗುವುದು ಕೆಟ್ಟ ರಕ್ತ, ಉಪ್ಪಿನಕಾಯಿ ಮುಟ್ಟಿದರೆ ಕೆಡುತ್ತದೆ ಎಂದು ಮನೆಯಲ್ಲಿ ಕೇಳುತ್ತಾಳೆ. ಅದು ಗರ್ಭಕೋಶದ ಒಳಪದರ ಕಳಚಿ ಹೋಗುವುದಷ್ಟೇ, ಉಪ್ಪಿನಕಾಯಿ ಕೆಡಿಸುವುದು ತೇವ ಮತ್ತು ಬೂಷ್ಟು. ಹುಡುಗರ ಸಂಕಟ ಇನ್ನೂ ಗುಟ್ಟಿನದು. ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿಯೇ ಬಸಿದು ಹೋಯಿತೆಂದು, ಒಂದು ಹನಿಗೆ ಇಷ್ಟು ಹನಿ ರಕ್ತವೆಂದು ಲೆಕ್ಕ ಹಾಕಿ ಕೊರಗುತ್ತಾರೆ. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ 'ಗುಪ್ತರೋಗ' ಎಂದು ಬರೆಸುವವರು ಬದುಕುವುದೇ ಈ ಕೊರಗಿನ ಮೇಲೆ. ಮನೋವೈದ್ಯ ಎನ್. ಎನ್. ವಿಗ್ ಇದಕ್ಕೆ 'ಧಾತ್ ಸಿಂಡ್ರೋಮ್' ಎಂದು 1960ರಲ್ಲೇ ಹೆಸರಿಟ್ಟರು. ಸ್ವಪ್ನಸ್ಖಲನ ಸಹಜ, ಅದರಿಂದ ರಕ್ತವೂ ಹೋಗುವುದಿಲ್ಲ ಶಕ್ತಿಯೂ ಹೋಗುವುದಿಲ್ಲ ಎಂಬ ಒಂದು ವಾಕ್ಯವನ್ನು ಮೇಷ್ಟ್ರು ಒಂಬತ್ತನೆಯ ತರಗತಿಯಲ್ಲಿ ನಾಚದೆ ಹೇಳಿದರೆ ಎಷ್ಟು ಹುಡುಗರ ವರ್ಷಗಳು ಉಳಿಯುತ್ತವೆ!

ದೇಹದ ಭಾಗಗಳಿಗೆ ಸರಿಯಾದ ಹೆಸರು ಗೊತ್ತಿಲ್ಲದ ಮಗು ತನಗಾದ ದೌರ್ಜನ್ಯವನ್ನು ಹೇಳುವುದಾದರೂ ಹೇಗೆ? 2012ರ ಪೋಕ್ಸೋ ಕಾಯ್ದೆ ಕೆಲಸ ಮಾಡಬೇಕಾದರೆ ಮೊದಲು ಮಗುವಿಗೆ ಬಾಯಿ ಬರಬೇಕು.

"ಆಟದ ಪೀರಿಯಡ್ಡು ಓದಿಗೆ ನಷ್ಟ"

ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದು ಇದೇ, ಗಣಿತಕ್ಕೋ ವಿಜ್ಞಾನಕ್ಕೋ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಷ್ಟು ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಟಕ್ಕೆ ಹೊತ್ತು ಕೊಟ್ಟ ಶಾಲೆಗಳಲ್ಲಿ ಅಂಕ ಕುಸಿದದ್ದನ್ನು ಅಧ್ಯಯನಗಳು ಕಂಡಿಲ್ಲ.

"ಅವರವರ ಆರೋಗ್ಯ ಅವರವರ ಕೈಯಲ್ಲಿ"

ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಮೋಸ ಹೆಚ್ಚು. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದ ಶಾಲೆಯಲ್ಲಿ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದೆ ಕೂರುತ್ತಾರೆ. ದಿನಕ್ಕೆ ಇಷ್ಟು ಲೋಟ ನೀರು ಕುಡಿಯಿರಿ ಎಂಬ ಪಾಠ ಅವರಿಗೆ ಯಾವ ಉಪಯೋಗಕ್ಕೆ? ಸರ್ಕಾರದ ಶುಚಿ ಯೋಜನೆಯ ಪ್ಯಾಡು ಕೈಗೆ ಬಂದರೂ ಬದಲಿಸಲು ಜಾಗ, ಎಸೆಯಲು ಡಬ್ಬಿ ಇಲ್ಲದಿದ್ದರೆ ಆ ದಿನಗಳಲ್ಲಿ ಅವಳು ಮನೆಯಲ್ಲೇ ಉಳಿಯುತ್ತಾಳೆ. ಕೆನಡಾದ ಒಟ್ಟಾವಾದಲ್ಲಿ 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನ ಒಪ್ಪಿದ ಸನ್ನದು ಇದನ್ನು ಆಗಲೇ ಗುರುತಿಸಿತ್ತು. ಒಳ್ಳೆಯದನ್ನು ಆರಿಸಿಕೊಳ್ಳಿ ಎಂದು ಜನರಿಗೆ ಹೇಳುವುದರ ಜೊತೆಗೆ, ಒಳ್ಳೆಯದೇ ಸುಲಭವಾಗಿ ಕೈಗೆಟಕುವಂತೆ ಸುತ್ತಲಿನದನ್ನು ಬದಲಿಸಬೇಕು.

ಕಾನೂನುಗಳು ಇವೆ. ಕೊಬ್ಬು, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸುಗಳನ್ನು ಶಾಲೆಯೊಳಗೂ ಅದರ ಗೇಟಿನಿಂದ 50 ಮೀಟರ್ ಸುತ್ತಲೂ ಮಾರುವಂತಿಲ್ಲ ಎನ್ನುತ್ತದೆ 2020ರ ಆಹಾರ ಸುರಕ್ಷತಾ ನಿಯಮ. 2003ರ ಕೇಂದ್ರ ಕಾಯ್ದೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು ನಿಷೇಧಿಸಿದೆ, ಕರ್ನಾಟಕದ ತಿದ್ದುಪಡಿ ಕೊಳ್ಳುವವರ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದೆ. ಎಂಟನೆಯ ತರಗತಿಯ ಮಕ್ಕಳ ಕೈಗೆ ಅಳತೆಯ ಟೇಪು ಕೊಟ್ಟು ಗೇಟಿನಿಂದ ಗೂಡಂಗಡಿಯವರೆಗೆ ಅಳೆಸಿದರೆ ಗಣಿತವೂ ಆಯಿತು, ಪೌರನೀತಿಯೂ ಆಯಿತು, ಆರೋಗ್ಯವೂ ಆಯಿತು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗುವ ತಂದೆತಾಯಂದಿರು ಕೇಳಬಹುದಾದ ಪ್ರಶ್ನೆಗಳು ಸರಳ. ಬಿಸಿಯೂಟಕ್ಕೆ ಮೊದಲು ಎಷ್ಟು ನಲ್ಲಿಗಳಲ್ಲಿ ನೀರು ಬರುತ್ತದೆ, ಪಕ್ಕದಲ್ಲಿ ಸೋಪು ಇದೆಯೇ? ಹುಡುಗಿಯರ ಶೌಚಾಲಯದ ಚಿಲಕ ಸರಿಯಾಗಿದೆಯೇ? ಕಬ್ಬಿಣದ ಮಾತ್ರೆ ಹಂಚುವ ಟೀಚರು ಯಾರು, ಊಟದ ನಂತರ ಕೊಡುತ್ತಾರೆಯೇ? ಆರೋಗ್ಯ ರಾಯಭಾರಿಗಳೆಂದು ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು ನೇಮಿಸಿ, 11 ವಿಷಯಗಳ ಮೇಲೆ ತರಗತಿ ನಡೆಸಬೇಕೆಂದು 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಹೇಳುತ್ತದೆ. ನಮ್ಮ ಶಾಲೆಯಲ್ಲಿ ಆ ಇಬ್ಬರು ಯಾರು, ತರಗತಿ ಯಾವ ದಿನ? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ. ನಲ್ಲಿ, ಚಿಲಕಗಳಿಗೆ ದುಡ್ಡಿಲ್ಲ ಎಂದರೆ ಆ ನಡಾವಳಿಯ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿ. ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಹಣಕಾಸು ಆಯೋಗದ ಅನುದಾನ ಪಂಚಾಯಿತಿಗೆ ಬರುತ್ತದೆ.