ಪ್ರಳಯದ ಲೆಕ್ಕ ತಪ್ಪಿದ ಮೇಲೆ

1844ರ ಅಕ್ಟೋಬರ್ 22ರಂದು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಸಾವಿರಾರು ಜನ ಕ್ರಿಸ್ತನ ಎರಡನೆಯ ಬರೋಣಕ್ಕಾಗಿ ರಾತ್ರಿಯಿಡೀ ಕಾದರು. ಕೆಲವರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು, ಕೆಲವರು ಅಂಗಡಿ ಮುಚ್ಚಿದ್ದರು. ಬೆಳಗಾಯಿತು, ಏನೂ ಆಗಲಿಲ್ಲ. ಇತಿಹಾಸಕಾರರು ಇದನ್ನು ‘ಮಹಾ ನಿರಾಶೆ’ ಎಂದು ಕರೆಯುತ್ತಾರೆ. ಭಕ್ತರು ಬಿಳಿ ನಿಲುವಂಗಿ ತೊಟ್ಟು ಮನೆಯ ಸೂರು ಹತ್ತಿ ಕೂತಿದ್ದರೆಂಬ ಕತೆ ಇಂದಿಗೂ ಓಡಾಡುತ್ತಿದೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಅಂದಿನ ಪತ್ರಿಕೆಗಳ ಗೇಲಿಯೇ ಅದರ ಮೂಲ. ನಕ್ಕವರು ಊಹಿಸದಿದ್ದ ಸಂಗತಿಯೆಂದರೆ, ಆ ತಪ್ಪಿದ ಲೆಕ್ಕದ ಬೇರಿನಿಂದ ಚಿಗುರಿದ ಸಭೆಗಳಲ್ಲಿ ಇಂದು ಕೋಟ್ಯಂತರ ಸದಸ್ಯರಿದ್ದಾರೆ. ಲೆಕ್ಕ ತಪ್ಪಿದರೂ ಮೊಂಡು ನಂಬಿಕೆ ಉಳಿಯಿತು ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಅದು ತಿರುವುಮುರುವಾಗಿ ಕಾಣುತ್ತದೆ: ಅದು ಲೆಕ್ಕವಾಗಿದ್ದ ಕಾರಣಕ್ಕೇ ಆ ನಂಬಿಕೆ ಬದುಕಿತು. ಕನಸಿನಲ್ಲಿ ಕಂಡ ಭವಿಷ್ಯ ಸುಳ್ಳಾದರೆ ಪೂರ್ತಿ ಸುಳ್ಳು. ಲೆಕ್ಕಕ್ಕೆ ಮೆಟ್ಟಿಲುಗಳಿರುತ್ತವೆ, ಒಂದು ಮೆಟ್ಟಿಲು ಮುರಿದರೆ ಅದೊಂದನ್ನು ಮಾತ್ರ ರಿಪೇರಿ ಮಾಡಬಹುದು.

ಈ ಗೀಳು ಅರೆಬರೆ ತಿಳಿದವರದಷ್ಟೇ ಆಗಿರಲಿಲ್ಲ. ಘಾತಾಂಕಗಳ ಬಗ್ಗೆ ಬರೆದ ಜರ್ಮನಿಯ ಗಣಿತಜ್ಞ ಮಿಖಾಯೆಲ್ ಸ್ಟೀಫೆಲ್, ಲೋಕವು 1533ರ ಅಕ್ಟೋಬರ್ 19ರ ಬೆಳಿಗ್ಗೆ 8 ಗಂಟೆಗೆ ಮುಗಿಯುವುದೆಂದು ಸಾರಿ ಪೇಚಿಗೆ ಸಿಕ್ಕಿದ. ಅವನ ಪರ ಮಾತಾಡಿ ಕಾಪಾಡಿದವನು ಮಾರ್ಟಿನ್ ಲೂಥರ್. ಲಾಗರಿದಂ ಕಂಡುಹಿಡಿದ ಜಾನ್ ನೇಪಿಯರ್, ಬೈಬಲಿನ ಪ್ರಕಟನೆ ಗ್ರಂಥವನ್ನು ಕುರಿತ ಪುಸ್ತಕವನ್ನು 1593ರಲ್ಲಿ ಪ್ರಕಟಿಸಿ, ಅಂತ್ಯವನ್ನು 1688 ಮತ್ತು 1700ರ ನಡುವೆ ಇಟ್ಟ. ಐಸಾಕ್ ನ್ಯೂಟನ್ ಮಾತ್ರ ಜಾಣ. ಕ್ರಿ.ಶ. 800ಕ್ಕೆ 1260 ಕೂಡಿಸಿ 2060ನೇ ಇಸವಿಗೆ ಮುನ್ನ ಅಂತ್ಯವಿಲ್ಲ ಎಂದು ಬರೆದಿಟ್ಟುಕೊಂಡದ್ದು, ಬಾಯಿಗೆ ಬಂದ ದಿನಾಂಕ ಹೇಳುವವರ ಬಾಯಿ ಮುಚ್ಚಿಸಲೆಂದು.

1844ರ ಲೆಕ್ಕದ ಹಿಂದಿದ್ದವನು ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ನಿನ ರೈತ ವಿಲಿಯಂ ಮಿಲ್ಲರ್. ಪವಾಡಗಳನ್ನು ಒಪ್ಪದ ವಿಚಾರವಾದಿಯಾಗಿದ್ದವನು, 1812ರ ಯುದ್ಧದಿಂದ ಮರಳಿದ ಮೇಲೆ ಬ್ಯಾಪ್ಟಿಸ್ಟನಾದ. ಬಳಿಕ ಸುಮಾರು ಎರಡು ವರ್ಷ ಬೈಬಲನ್ನು, ಅದರ ಪದಸೂಚಿಯೊಂದನ್ನು ಮಾತ್ರ ಮುಂದಿಟ್ಟುಕೊಂಡು ಅಧ್ಯಯನ ಮಾಡಿದ. 2300 ದಿನಗಳಾದ ಮೇಲೆ ಪವಿತ್ರಾಲಯ ಶುದ್ಧವಾಗುವುದೆಂದು ದಾನಿಯೇಲನ ಗ್ರಂಥದ 8ನೇ ಅಧ್ಯಾಯ ಹೇಳುತ್ತದೆ. ಪ್ರವಾದನೆಯಲ್ಲಿ ಒಂದು ದಿನವೆಂದರೆ ಒಂದು ವರ್ಷ ಎಂಬ ಸೂತ್ರ ಆಗಲೇ ಹಳೆಯದಾಗಿತ್ತು. ಪಾರಸಿಯ ಅರಸ ಅರ್ತಷಸ್ತನು ಎಜ್ರನಿಗೆ ಅಪ್ಪಣೆ ಕೊಟ್ಟ ಕ್ರಿ.ಪೂ. 457ರಿಂದ ಎಣಿಸಿದರೆ 1843 ಬರುತ್ತದೆ. ಅದೇ ಆರಂಭದಿಂದ ದಾನಿಯೇಲನ ಎಪ್ಪತ್ತು ವಾರಗಳನ್ನು, ಅಂದರೆ 490 ವರ್ಷಗಳನ್ನು, ಎಣಿಸಿದಾಗ ಕ್ರಿಸ್ತನ ಶಿಲುಬೆಮರಣದ ಕಾಲಕ್ಕೆ ಬಂದು ನಿಂತದ್ದು ಮಿಲ್ಲರನ ಧೈರ್ಯ ಹೆಚ್ಚಿಸಿತು. ಒಂದು ಉತ್ತರ ತಾಳೆಯಾದ ಮೇಲೆ ಇನ್ನೊಂದನ್ನು ಯಾರು ತಾನೇ ಅನುಮಾನಿಸಿಯಾರು? ಬಾಸ್ಟನ್ನಿನ ಪಾದ್ರಿ ಜೋಶುವಾ ಹೈಮ್ಸ್ ಪತ್ರಿಕೆಗಳನ್ನು ಅಚ್ಚು ಹಾಕಿಸಿದ. ಮೃಗಗಳ ಚಿತ್ರಗಳೂ ಕೂಡುವ ಅಂಕಿಗಳೂ ಇದ್ದ ದೊಡ್ಡ ಪಟಗಳು ಸಭೆಗಳಲ್ಲಿ ತೂಗಿದವು. ಬಳಪವಿದ್ದ ಯಾರು ಬೇಕಾದರೂ ಕೂಡಿ ನೋಡಬಹುದಿತ್ತು. ಪ್ರವಾದಿಯನ್ನು ನಂಬಬೇಕಿರಲಿಲ್ಲ, ಸಂಕಲನ ಬಂದರೆ ಸಾಕಿತ್ತು.

ರಿಪೇರಿ ಶುರುವಾದದ್ದು ಮಹಾ ನಿರಾಶೆಗೂ ಮುಂಚೆ. ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷವಿಲ್ಲ; ಹಾಗಾಗಿ ಮೊತ್ತ 1844 ಆಗಬೇಕಿತ್ತು. 1844ರ ವಸಂತ ಸುಮ್ಮನೆ ಕಳೆಯಿತು. ಆಗಸ್ಟಿನಲ್ಲಿ ಸ್ಯಾಮ್ಯುಯೆಲ್ ಸ್ನೋ ಎಂಬಾತ, ಶುದ್ಧೀಕರಣವೆಂದರೆ ಯೆಹೂದಿಗಳ ಏಳನೆಯ ತಿಂಗಳ ಹತ್ತನೆಯ ದಿನದ ಪ್ರಾಯಶ್ಚಿತ್ತವೆಂದು ವಾದಿಸಿ, ಕರಾಯಿತ ಪಂಥದ ಪಂಚಾಂಗ ಹಿಡಿದು ಅಕ್ಟೋಬರ್ 22 ಎಂದು ಗೊತ್ತುಮಾಡಿದ. ಯೆಹೂದಿಗಳಲ್ಲಿ ಬಹುಸಂಖ್ಯಾತರು ಅದೇ ಹಬ್ಬವನ್ನು ಒಂದು ತಿಂಗಳು ಮುಂಚೆ ಆಚರಿಸಿಯಾಗಿತ್ತು. ಚಾಂದ್ರಮಾನ, ಸೌರಮಾನ, ಅಧಿಕಮಾಸಗಳ ತಕರಾರು ಬಲ್ಲ ನಮಗೆ ಇದು ಹೊಸತಲ್ಲ. ಆ ದಿನವೂ ಕಳೆದ ಮೇಲೆ ಉಳಿದ ಉಪಾಯವೆಂದರೆ ದಿನಾಂಕವನ್ನು ಬಿಟ್ಟು ಘಟನೆಯನ್ನು ತಿದ್ದುವುದು. ಮರುದಿನ ಬೆಳಿಗ್ಗೆ ಮೆಕ್ಕೆಜೋಳದ ಹೊಲ ದಾಟುತ್ತಿದ್ದಾಗ ಮಿಲ್ಲರನ ಅನುಯಾಯಿ ಹೈರಮ್ ಎಡ್ಸನ್‌ಗೆ ಅದು ಹೊಳೆಯಿತಂತೆ: ಶುದ್ಧವಾಗಬೇಕಿದ್ದ ಆಲಯ ಭೂಮಿಯಲ್ಲಿಲ್ಲ, ಸ್ವರ್ಗದಲ್ಲಿದೆ, ಕ್ರಿಸ್ತನು ಅಂದು ಅದರ ಅತಿಪರಿಶುದ್ಧ ಸ್ಥಳವನ್ನು ಪ್ರವೇಶಿಸಿದ್ದಾನೆ. ಅಲ್ಲಿಗೆ ಲೆಕ್ಕವನ್ನು ಯಾರೂ ಪರೀಕ್ಷಿಸಲಾಗದ ಜಾಗಕ್ಕೆ ಸಾಗಿಸಿದಂತಾಯಿತು. ಇದೇ ವಿವರಣೆಯನ್ನು ಒಪ್ಪಿದ ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆ 1863ರಲ್ಲಿ ಸಂಘಟಿತವಾದಾಗ ಸದಸ್ಯರು ಸುಮಾರು 3,500. ಇಂದು 2 ಕೋಟಿಗೂ ಹೆಚ್ಚು.

ಇನ್ನೊಂದು ಕವಲು ಇನ್ನೂ ಸ್ವಾರಸ್ಯದ್ದು. ಹಿಂದೆ ಮಿಲ್ಲರನ ಅನುಯಾಯಿಯಾಗಿದ್ದ ನೆಲ್ಸನ್ ಬಾರ್ಬರ್‌ನಿಂದ ಚಾರ್ಲ್ಸ್ ಟೇಜ್ ರಸ್ಸೆಲ್ ಕಾಲಗಣನೆ ಕಲಿತ. ಯೆರೂಸಲೇಮಿನ ಪತನದ ವರ್ಷವೆಂದು ಹಿಡಿದ ಕ್ರಿ.ಪೂ. 606ರಿಂದ 2520 ವರ್ಷ ಎಣಿಸಿ 1914 ಎಂದ. ಇಲ್ಲೂ ಅದೇ ಸೊನ್ನೆ ಕೈಕೊಟ್ಟಿತ್ತು. ಆದರೆ 1914ರಲ್ಲಿ ಮಹಾಯುದ್ಧವೇ ಶುರುವಾದದ್ದರಿಂದ ಆ ಇಸವಿಯನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ. ಮಿಲ್ಲರನ ಪಂಗಡ ಕೊನೆಯನ್ನು ಸರಿಸಿತ್ತು. ರಸ್ಸೆಲನ ವಾರಸುದಾರರಾದ ಯೆಹೋವನ ಸಾಕ್ಷಿಗಳು ಮುಂದೆ ಆರಂಭವನ್ನೇ 607ಕ್ಕೆ ಸರಿಸಿದರು. ಯೆರೂಸಲೇಮಿನ ಪತನವಾದದ್ದು 587 ಅಥವಾ 586ರಲ್ಲಿ ಎಂಬ ಇತಿಹಾಸಕಾರರ ಮಾತು ಅವರನ್ನು ಅಲುಗಿಸಲಿಲ್ಲ. ಕ್ರಿಸ್ತನು 1914ರಲ್ಲಿ ಸ್ವರ್ಗದಲ್ಲಿ ಕಣ್ಣಿಗೆ ಕಾಣದಂತೆ ಪಟ್ಟವೇರಿದ ಎಂಬುದು ಅವರ ಬೋಧನೆ.

ಮಹಾ ನಿರಾಶೆಯ ನಂತರ ಬಹುಪಾಲು ಜನ ಬಿಟ್ಟುಹೋದರಲ್ಲ ಎಂದು ಯಾರಾದರೂ ಕೇಳಬಹುದು. ನಿಜ. 50,000ದಿಂದ 1 ಲಕ್ಷವೆಂದು ಅಂದಾಜಿಸುವ ಅನುಯಾಯಿಗಳು ಚೆದುರಿದರು. ಮಿಲ್ಲರನೇ ತಪ್ಪೊಪ್ಪಿಕೊಂಡು, ಬರೋಣದ ನಿರೀಕ್ಷೆ ಮಾತ್ರ ಬಿಡದೆ, 1849ರಲ್ಲಿ ತೀರಿಕೊಂಡ. ಆದರೆ ಉಳಿದು ಸಭೆ ಕಟ್ಟಿದವರ ಕೈಯಲ್ಲಿ ಏನಿತ್ತೆಂಬುದು ಮುಖ್ಯ. ಇನ್ನು, ಇದೆಲ್ಲ ಮನಸ್ಸಿನ ದ್ವಂದ್ವದ ಆಟವೆಂದು ಲಿಯಾನ್ ಫೆಸ್ಟಿಂಜರ್ ಮತ್ತು ಸಂಗಡಿಗರು 1956ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ವಿವರಿಸಿದ್ದಾರೆ: ಭವಿಷ್ಯ ಸುಳ್ಳಾದಾಗ ಭಕ್ತರು ಆ ನೋವು ತಾಳಲಾರದೆ ಇನ್ನಷ್ಟು ಉತ್ಸಾಹದಿಂದ ಪ್ರಚಾರಕ್ಕಿಳಿಯುತ್ತಾರೆ ಎಂದು. ಅವರು ಅಧ್ಯಯನ ಮಾಡಿದ್ದು 1954ರ ಡಿಸೆಂಬರ್ 21ರಂದು ಜಲಪ್ರಳಯವೆಂದು ನಂಬಿದ್ದ, ಷಿಕಾಗೋ ಸುತ್ತಲಿನ ಚಿಕ್ಕ ಗುಂಪನ್ನು. ಸಂಶೋಧಕರೇ ಭಕ್ತರ ಸೋಗಿನಲ್ಲಿ ಒಳಹೊಕ್ಕಿದ್ದರಿಂದ ಆ ಗುಂಪಿನ ವರ್ತನೆ ಎಷ್ಟು ಸಹಜವಾಗಿತ್ತೆಂಬ ಪ್ರಶ್ನೆ ಹಾಗಿರಲಿ. ಆ ಗುಂಪಿಗೆ ದಿನಾಂಕ ಬಂದದ್ದು ಅನ್ಯಗ್ರಹದವರ ಸಂದೇಶದಿಂದ, ಲೆಕ್ಕದಿಂದಲ್ಲ. ನೋವು ಅವರಿಗೂ ಇತ್ತು, ಪ್ರಚಾರವೂ ನಡೆಯಿತು, ಆದರೂ ಗುಂಪು ಚೆದುರಿಹೋಯಿತು. ತಿದ್ದಲು ಅವರ ಬಳಿ ಮೆಟ್ಟಿಲುಗಳೇ ಇರಲಿಲ್ಲ. ಫೆಸ್ಟಿಂಜರ್ ಹೇಳಿದ ನೋವು ಜನರನ್ನು ಕೆಲಕಾಲ ಹಿಡಿದಿಟ್ಟೀತು, ಶತಮಾನಗಟ್ಟಲೆ ಹಿಡಿದಿಡಲಾರದು.

ತಪ್ಪಿದ ಲೆಕ್ಕದ ಫಲ ಎಲ್ಲೆಲ್ಲೋ ಬಿದ್ದಿದೆ. ಅಡ್ವೆಂಟಿಸ್ಟರ ಆರೋಗ್ಯನಿಷ್ಠೆ ಮತ್ತು ಸಸ್ಯಾಹಾರದ ಒಲವಿನಿಂದ ಮಿಷಿಗನ್ನಿನ ಬ್ಯಾಟಲ್ ಕ್ರೀಕ್ ಆಸ್ಪತ್ರೆಯಲ್ಲಿ ಹುಟ್ಟಿದ ಕಾರ್ನ್‌ಫ್ಲೇಕ್ಸ್ ಬೆಂಗಳೂರಿನ ಅಡುಗೆಮನೆಗೂ ಬಂದಿದೆ. ನಮ್ಮ ಸಂವಿಧಾನದ ವ್ಯಾಖ್ಯಾನದಲ್ಲೂ ಅದರ ಗುರುತಿದೆ. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಕುಟುಂಬದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಗೆ ಅವರು ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಪಟ್ಟವೇರಿದ ಆ ಸ್ವರ್ಗದ ಅರಸನಿಗಷ್ಟೇ ನಿಷ್ಠೆ ಎಂಬುದು ಅವರ ಮತ. 1986ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮಕ್ಕಳ ಪರ ತೀರ್ಪಿತ್ತರು. ಒಂದು ನಂಬಿಕೆ ನ್ಯಾಯಾಲಯದ ಬುದ್ಧಿಗೆ ಒಪ್ಪುತ್ತದೆಯೇ ಎಂಬುದು ಪ್ರಶ್ನೆಯಲ್ಲ, ಅದನ್ನು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂದಷ್ಟೇ ನೋಡಬೇಕು ಎಂಬುದು ಆ ತೀರ್ಪಿನ ತಿರುಳು.