ಅಂಗಳದ ಕೊಳ ತಿಳಿಯಾಗಿರಲಿ

ಮನೆಯಂಗಳದ ಪುಟ್ಟ ಕೊಳದಲ್ಲಿ ನೈದಿಲೆ ಅರಳಿದ್ದರೆ ಮನೆಗೇ ಒಂದು ಕಳೆ. ಆದರೆ ಬೇಸಿಗೆ ಕಾಲಿಟ್ಟೊಡನೆ ಅದೇ ನೀರು ಹಸಿರುಗಟ್ಟಿ ತಳ ಕಾಣದಂತಾಗುವುದು ಹಲವರ ಅನುಭವ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ನೀರನ್ನೆಲ್ಲ ಬರಿದು ಮಾಡಿ, ಗೋಡೆ ಉಜ್ಜಿ, ಹೊಸ ನೀರು ತುಂಬಿದೆವು. ಎರಡೇ ವಾರದಲ್ಲಿ ಮತ್ತೆ ಹಸಿರು! ಬೇಸತ್ತು, ಯಾರದೋ ಮಾತು ಕೇಳಿ ಒಂದು ಹಿಡಿ ಮೈಲುತುತ್ತವನ್ನು ಕದಡಿದೆವು. ಪಾಚಿ ಸತ್ತಿತು, ನಿಜ. ಮರುದಿನ ಮುಂಜಾನೆ ಮಕ್ಕಳು ಅಕ್ಕರೆಯಿಂದ ಸಾಕಿದ್ದ ಮೀನುಗಳೂ ಸತ್ತು ತೇಲುತ್ತಿದ್ದವು. ಮಕ್ಕಳ ಆ ಅಳುವೇ ನಮಗೆ ಪಾಠವಾಯಿತು.

ಮೈಲುತುತ್ತದಲ್ಲಿರುವ ತಾಮ್ರವು ಮೀನು, ಬಸವನಹುಳುಗಳಿಗೆ ವಿಷ. ಮೇಲಾಗಿ, ಸತ್ತ ಪಾಚಿ ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕುಗ್ಗಿಹೋಗುತ್ತದೆ.

ಪಾಚಿಗೆ ಬೇಕಾದುದು ಮುಖ್ಯವಾಗಿ ಬಿಸಿಲು, ಮತ್ತು ಸಾರಜನಕ-ರಂಜಕಗಳ ಆಹಾರ. ಇವನ್ನು ತಗ್ಗಿಸುವುದೇ ನಿಜವಾದ ಉಪಾಯ.

ಮೊದಲನೆಯದು ನೆರಳು. ನೈದಿಲೆ, ತಾವರೆಗಳ ಎಲೆಗಳು ನೀರಿನ ಮೇಲ್ಮೈಯ ಅರ್ಧದಷ್ಟನ್ನಾದರೂ ಮುಚ್ಚಿರಬೇಕು. ಈ ಗಿಡಗಳು ಪಾಚಿಯ ಆಹಾರವನ್ನು ತಾವೇ ಹೀರಿಕೊಳ್ಳುತ್ತವೆ.

ಎರಡನೆಯದು ಶುಚಿ. ಉದುರಿದ ಎಲೆಗಳನ್ನು ಆಗಾಗ ತೆಗೆಯಬೇಕು. ಪೂಜೆಯ ನಿರ್ಮಾಲ್ಯವನ್ನು ಕೊಳಕ್ಕೆ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಆ ಹೂಪತ್ರೆ ಕೊಳೆತು ಪಾಚಿಯನ್ನೇ ಪೋಷಿಸುತ್ತದೆ. ಅದನ್ನು ಗಿಡದ ಬುಡಕ್ಕೆ ಹಾಕುವುದು ಲೇಸು. ಮೀನುಗಳಿಗೂ ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಸಾಕು. ನೂಲಿನಂತೆ ಬೆಳೆದ ಪಾಚಿಯನ್ನು ಕೋಲಿಗೆ ಸುತ್ತಿ ಎಳೆದು ತೆಗೆಯಬಹುದು.

ಮೂರನೆಯದು ಮಿತವಾದ ನೀರು ಬದಲಾವಣೆ. 2 ಮೀಟರ್ ಉದ್ದ, 1.5 ಮೀಟರ್ ಅಗಲ, 0.6 ಮೀಟರ್ ಆಳದ ಕೊಳ 1800 ಲೀಟರ್ ಹಿಡಿಯುತ್ತದೆ. ಅದರಲ್ಲಿ ಒಮ್ಮೆಗೆ ಕಾಲು ಭಾಗ, ಅಂದರೆ 450 ಲೀಟರ್ ಬದಲಿಸಿದರೆ ಸಾಕು. ತೆಗೆದ ನೀರು ಹೂಗಿಡಗಳಿಗೆ ಒಳ್ಳೆಯ ಗೊಬ್ಬರ. ಕ್ಲೋರಿನ್ ಬೆರೆತ ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಬಳಸಬೇಕು.

ಇನ್ನೊಂದು ಎಚ್ಚರಿಕೆ. ನೀರು ತಿಳಿಯಾದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಡೆಂಗ್ಯೂ ಹರಡುವ ಸೊಳ್ಳೆ ತಿಳಿನೀರಿನಲ್ಲಿಯೂ ಮೊಟ್ಟೆಯಿಡುತ್ತದೆ. ಅದರ ಮರಿಗಳನ್ನು ತಿನ್ನುವ ಗಪ್ಪಿ ಮೀನುಗಳು ಕೊಳದಲ್ಲಿರಲಿ. ಎಳೆಯ ಮಕ್ಕಳಿರುವ ಮನೆಯಲ್ಲಿ ಕೊಳದ ಮೇಲೆ ಗಟ್ಟಿಯಾದ ಜಾಲರಿಯೂ ಇರಲಿ.

ಈ ಕ್ರಮ ಹಿಡಿದ ಕೆಲವು ವಾರಗಳಲ್ಲಿ ನಮ್ಮ ಕೊಳ ತಾನಾಗಿಯೇ ತಿಳಿಯಾಯಿತು. ಗೋಡೆಗೆ ಅಂಟಿದ ತುಸು ಪಾಚಿಯನ್ನು ಮೀನುಗಳಿಗೆಂದು ಹಾಗೆಯೇ ಬಿಟ್ಟಿದ್ದೇವೆ.