ನಾಲ್ಕಿಂಚು ಮಳೆಯ ಸೀಮೆಗೆ ಬೈಕಿನಲ್ಲಿ

ಲಡಾಖಿನ ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿ.ಮೀ. ಅಂದರೆ ನಾಲ್ಕು ಇಂಚು. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಅದರ ನಾಲ್ಕು ಪಟ್ಟು ಬಿದ್ದರೂ ನಾವು ಬರ ಅಂತೀವಿ. ಅಷ್ಟರಲ್ಲೇ ಅಲ್ಲಿನವರು ಬಾರ್ಲಿ, ಗೋಧಿ, ಬಟಾಣಿ, ಜರ್ದಾಲು ಹಣ್ಣು ಬೆಳೀತಾರೆ. ಇದು ಹೇಗೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿ, 2024ರ ಆಗಸ್ಟ್ ಕೊನೆಗೆ ಅಳಿಯನ ಜೊತೆ ಹೊರಟೆ. ದೆಹಲಿವರೆಗೆ ರೈಲು, ಮನಾಲಿವರೆಗೆ ಬಸ್ಸು. ಅಲ್ಲಿಂದ ಲೇಹ್‌ವರೆಗೆ ಬಾಡಿಗೆ ಬೈಕು, ಆಳಿಗೊಂದು.

ಬೆಟ್ಟ ದಾಟಿದರೆ ಬಯಲು

ಮನಾಲಿ ದಾಟಿದ ಮೇಲೆ 9 ಕಿ.ಮೀ. ಉದ್ದದ ಅಟಲ್ ಸುರಂಗ. 2020ರ ಅಕ್ಟೋಬರಿನಲ್ಲಿ ಶುರುವಾಯ್ತು. ಒಳಗೆ ಹೋಗುವಾಗ ದೇವದಾರು ಕಾಡು, ತುಂತುರು ಮಳೆ. ಆಚೆ ಬಂದರೆ ಲಾಹೌಲ್ ಕಣಿವೆ. ಒಣ ಗಾಳಿ, ಬೋಳು ಗುಡ್ಡ. ಪಶ್ಚಿಮ ಘಟ್ಟ ಮೋಡ ತಡೆದು ನಮ್ಮ ಸೀಮೆ ಒಣಗಿಸಿದ ಹಾಗೇ ಇಲ್ಲಿ ಹಿಮಾಲಯದ ಸಾಲುಗಳು ತಡೀತಾವೆ. ಲಾಹೌಲಿನಲ್ಲಿ ಆಲೂಗಡ್ಡೆ, ಹೂಕೋಸು ಇದ್ದವು. ಚಳಿಗಾಲವೆಲ್ಲ ಹಿಮ, ಹಾಗಾಗಿ ವರ್ಷಕ್ಕೆ ಒಂದೇ ಬೆಳೆ.

ಮುಂದೆ ಬಾರಾಲಾಚಾ, 21 ತಿರುವಿನ ಗಾಟಾ ಲೂಪ್ಸ್, ಲಾಚುಂಗ್ ಲಾ, ಮೋರೆ ಬಯಲು, 17,000 ಅಡಿ ಮೀರಿದ ತಂಗ್ಲಂಗ್ ಲಾ. ಗುಡ್ಡಗಳು ಕೆಂಪು, ನೇರಳೆ, ಹಳದಿ. ಮೈಲಿಗಟ್ಟಲೆ ಒಂದು ಗಿಡ ಇಲ್ಲ. ಇಳಿದು ಸಿಂಧೂ ನದಿ ಹತ್ತಿರ ಬಂದಾಗ ತಟ್ಟನೆ ಹಸಿರು ಕಾಣ್ತದೆ. ಕಾಲುವೆ ಮುಟ್ಟಿದಷ್ಟು ಮಾತ್ರ ಹಸಿರು. ಅದರ ಮೇಲೆ ಒಂದು ಮಾರು ಹೋದರೆ ಬರೀ ಕಲ್ಲು.

ಹಳ್ಳಕ್ಕೂ ಗಡಿಯಾರ

ದಾರಿಗೆ ಅಡ್ಡ ಹರಿಯುವ ಹಳ್ಳಗಳನ್ನು ಬೆಳಗ್ಗೆಯೇ ದಾಟಿ ಅಂತ ಎಲ್ಲರೂ ಹೇಳಿದ್ರು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಗ್ಗೆ ಪಾದ ಮುಳುಗುವ ಹಳ್ಳ ಮಧ್ಯಾಹ್ನದ ಮೇಲೆ ಮೊಣಕಾಲಿಗೆ ಬರ್ತದೆ.

ಅಲ್ಲಿನ ರೈತರ ಲೆಕ್ಕವೂ ಇದೇ ನೀರಿನ ಮೇಲೆ. ಹೊಲಕ್ಕೆ ನೀರು ಹಾಯಿಸೋದು ಹಗಲು. ರಾತ್ರಿ ಬರುವ ನೀರನ್ನು ಊರ ಮೇಲಿನ ಚಿಕ್ಕ ಹೊಂಡಕ್ಕೆ ತುಂಬಿಸಿಕೊಳ್ತಾರೆ. ಹೊಂಡಕ್ಕೆ ಜಿಂಗ್ ಅಂತಾರೆ. ಹಳ್ಳದಿಂದ ಬರುವ ದೊಡ್ಡ ಕಾಲುವೆಯ ಹೆಸರು ಮಾ-ಯೂರ್, ಅಂದರೆ ತಾಯಿ ಕಾಲುವೆ. ಯಾವ ಹೊಲಕ್ಕೆ ಯಾವಾಗ ನೀರು ಅಂತ ನೋಡಿಕೊಳ್ಳೋಕೆ ಊರವರೇ ಒಬ್ಬನನ್ನು ನೇಮಿಸ್ತಾರೆ. ಅವನು ಚುರ್ಪೋನ್. ಕೇಳಿದ ಕೂಡಲೇ ನಮ್ಮ ನೀರುಗಂಟಿ ನೆನಪಾದ.

ಲೇಹ್ ಹತ್ತಿರದ ಹಳ್ಳಿಯೊಂದರ ರೈತರ ಮನೇಲಿ ಎರಡು ದಿನ ಇದ್ದೆವು. ಬಾರ್ಲಿ ಕೊಯ್ಲು ನಡೀತಿತ್ತು. ಬಾರ್ಲಿ ಹುರಿದು ಬೀಸಿದ ಹಿಟ್ಟು ಅವರ ಮುಖ್ಯ ಆಹಾರ. ಥೇಟ್ ನಮ್ಮ ಹುರಿಹಿಟ್ಟು. ಕಕ್ಕಸು ಮೇಲಂತಸ್ತಿನಲ್ಲಿ. ನೀರು ಹಾಕೋದಿಲ್ಲ, ಮಣ್ಣು-ಬೂದಿ ತಳ್ಳೋದು. ಕೆಳಗೆ ಕೊಳೆತದ್ದು ಹೊಲಕ್ಕೆ ಗೊಬ್ಬರ.

ಕೊರತೆ ಒಂದೆರಡು ತಿಂಗಳದ್ದು

ಬಿತ್ತನೆಗೆ ನೀರು ಬೇಕಾದದ್ದು ಏಪ್ರಿಲ್-ಮೇನಲ್ಲಿ. ಎತ್ತರದ ಹಿಮ ಚೆನ್ನಾಗಿ ಕರಗೋದು ಜೂನ್‌ನಿಂದ. ಈ ಕೊರತೆ ತುಂಬಿಸೋಕೆ ಚೆವಾಂಗ್ ನೋರ್ಫೆಲ್ ಅನ್ನುವ ಇಂಜಿನಿಯರ್ 1987ರಿಂದ ಕೃತಕ ಹಿಮರಾಶಿ ಮಾಡಿಸಿದರು. ಚಳಿಗಾಲದಲ್ಲಿ ವ್ಯರ್ಥ ಹರಿಯುವ ನೀರನ್ನು ಊರಿನ ಹತ್ತಿರ, ನೆರಳಿನ ಕಡೆಗೆ ತಿರುಗಿಸಿ, ಕಲ್ಲಿನ ಒಡ್ಡು ಹಾಕಿ ತೆಳ್ಳಗೆ ನಿಲ್ಲಿಸೋದು. ಅಲ್ಲೇ ಹೆಪ್ಪುಗಟ್ತದೆ. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಸೋನಮ್ ವಾಂಗ್‌ಚುಕ್ 2013-14ರ ಚಳಿಗಾಲದಲ್ಲಿ ಇದನ್ನೇ ಇನ್ನೊಂದು ರೀತಿ ಮಾಡಿದರು. ಎತ್ತರದ ಹಳ್ಳದಿಂದ ಪೈಪಿನಲ್ಲಿ ನೀರು ತಂದು, ಕೆಳಗೆ ನೆಟ್ಟಗೆ ನಿಲ್ಲಿಸಿದ ಪೈಪಿನಿಂದ ಚಿಮ್ಮಿಸೋದು. ಮೋಟಾರು ಬೇಡ, ಇಳಿಜಾರಿನ ಒತ್ತಡವೇ ಸಾಕು. ಬೀಳುವ ನೀರು ಗಾಳಿಯಲ್ಲೇ ಹೆಪ್ಪುಗಟ್ಟಿ ಗೋಪುರ ಆಗ್ತದೆ. ಗೋಪುರದ ಆಕಾರಕ್ಕೆ ಬಿಸಿಲು ತಾಗುವ ಮೈ ಕಡಿಮೆ, ಹಾಗಾಗಿ ನಿಧಾನ ಕರಗ್ತದೆ. ನಾವು ಹೋದಾಗ ಕರಗಿ ಹೋಗಿತ್ತು, ಪೈಪು ಮಾತ್ರ ನೋಡಿದೆವು.

ಅಲ್ಲೂ ಬೋರು

ಲೇಹ್ ಪಟ್ಟಣದಲ್ಲಿ ಪ್ರವಾಸಿಗರು ಹೆಚ್ಚಿದ ಹಾಗೆ ಹೋಟೆಲಿನವರು ಬೋರು ಕೊರೆಸಿದ್ದಾರೆ. ನಮ್ಮಂಥ ಬೈಕಿನವರ ಸ್ನಾನಕ್ಕೂ ಅದೇ ನೀರು. ಇದರ ಕೊನೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನಮ್ಮೂರಲ್ಲಿ ಹಿಂದೆ ನೀರುಗಂಟಿ ಅಂದರೆ ಕೆರೆ ತೂಬು ಎತ್ತಿ ಸರದಿ ಪ್ರಕಾರ ಗದ್ದೆಗೆ ನೀರು ಬಿಡುವವನು. ಈಗ ನಲ್ಲಿ ನೀರು ಬಿಡುವವನಿಗೆ ಆ ಹೆಸರು. ಬೋರು ಬಂದ ಮೇಲೆ ಸರದಿ ಯಾರಿಗೂ ಬೇಡವಾಯ್ತು, ನೀರು ಕೊರೆದವನದು. ಈಗ ಬೋರೂ ಬತ್ತಿವೆ, ಸರದಿಯೂ ಮರೆತಿದೆ.

ನಮ್ಮಲ್ಲಿ ಹಿಮ ಕಟ್ಟೋಕೆ ಆಗೋದಿಲ್ಲ. ಆದರೆ ಇದ್ದ ನೀರನ್ನು ಎಣಿಸಿ ಹಂಚೋದಕ್ಕೆ ಹಿಮ ಬೇಕಿಲ್ಲ. ಮುಂದೆ ಕೆರೆ ತುಂಬಿದ ವರ್ಷ ತೂಬಿಗೆ ಒಬ್ಬ ನೀರುಗಂಟಿಯನ್ನು ಇಡೋಣ ಅಂತ ಅಚ್ಚುಕಟ್ಟಿನ ನಾಲ್ಕು ಮನೆಗೆ ಹೇಳಿದ್ದೇನೆ. ಇಬ್ಬರು ಹೂಂ ಅಂದಿದ್ದಾರೆ.

ಹೋಗುವವರಿಗೆ: ಜೂನ್‌ನಿಂದ ಸೆಪ್ಟೆಂಬರ್ ಒಳ್ಳೇ ಕಾಲ. ಕೇಲಾಂಗ್‌ನಲ್ಲಿ ಎರಡು ರಾತ್ರಿ ತಂಗಿ ಮೈ ಒಗ್ಗಿಸಿಕೊಳ್ಳಿ. ತಲೆನೋವು, ವಾಂತಿ ಹೆಚ್ಚಾದರೆ ಮೇಲೆ ಹೋಗದೆ ಕೆಳಗಿಳಿಯಿರಿ. ತಾಂಡಿಯಲ್ಲಿ ಟ್ಯಾಂಕು ತುಂಬಿಸಿ, ಐದು ಲೀಟರ್ ಕ್ಯಾನು ಕಟ್ಟಿಕೊಳ್ಳಿ. ಎತ್ತರದಲ್ಲಿ ಇಂಜಿನ್ ಏದುಸಿರು ಬಿಡ್ತದೆ, ಅವಸರ ಮಾಡಬೇಡಿ.